ಗ್ರೂಪ್ ಕ್ಯಾಪ್ಟಿವ್ ಸೌರವಿದ್ಯುತ್ ಸೇವೆ: ಫೌಂಡ್ರಿಯೊಂದರ ಒಂದು ವರ್ಷದ ಅನುಭವ

ನಮ್ಮ ಫೌಂಡ್ರಿಯ ಇಂಡಕ್ಷನ್ ಕುಲುಮೆಗಳಿಗೆ ಒಂದು ವರ್ಷದಿಂದ ಗ್ರೂಪ್ ಕ್ಯಾಪ್ಟಿವ್ ಒಪ್ಪಂದದಡಿ (ಹಲವು ಬಳಕೆದಾರರು ಸೇರಿ ಸ್ಥಾವರದ ಷೇರು ಕೊಂಡು ಅದರ ವಿದ್ಯುತ್ತನ್ನು ತಾವೇ ಬಳಸುವ ವ್ಯವಸ್ಥೆ) ಖಾಸಗಿ ಸೌರ ಸ್ಥಾವರವೊಂದರ ವಿದ್ಯುತ್ ಬರುತ್ತಿದೆ. ರಾತ್ರಿ ಪಾಳಿಗೆ ಎಸ್ಕಾಂ (ಸರ್ಕಾರಿ ವಿತರಣಾ ಕಂಪನಿ) ವಿದ್ಯುತ್ತೇ ಗತಿಯಾದ್ದರಿಂದ ಅದರ ಎಚ್‌ಟಿ (ಹೈ ಟೆನ್ಷನ್) ಸಂಪರ್ಕವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ. ಸಂಪರ್ಕದ ಸಾಮರ್ಥ್ಯಕ್ಕೆ ತಕ್ಕಂತೆ ತಿಂಗಳು ತಿಂಗಳು ಕಟ್ಟುವ ಡಿಮ್ಯಾಂಡ್ ಚಾರ್ಜ್ ಹಾಗಾಗಿ ಇಳಿದಿಲ್ಲ. ಹೊಸದಾಗಿ ಸೇರುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಪೂರೈಕೆಯ ಬಗ್ಗೆ ನನಗೆ ದೂರಿಲ್ಲ. ತಿಂಗಳ ಲೆಕ್ಕಪಟ್ಟಿಯಲ್ಲಿ ಉತ್ಪಾದನೆ, ಮಾರ್ಗನಷ್ಟ, ವೀಲಿಂಗ್ (ಎಸ್ಕಾಂ ಜಾಲದ ಮೂಲಕ ವಿದ್ಯುತ್ ಸಾಗಿಸುವ) ಶುಲ್ಕಗಳನ್ನು ಬೇರೆ ಬೇರೆಯಾಗಿ ತೋರಿಸುತ್ತಾರೆ, ಮಳೆಗಾಲದಲ್ಲಿ ಯೂನಿಟ್‌ಗಳು ಕಡಿಮೆಯಾಗುವುದನ್ನು ಮುಂಚೆಯೇ ತಿಳಿಸುತ್ತಾರೆ.

ಆದರೆ ಉಳಿತಾಯದ ಒಂದು ದೊಡ್ಡ ಪಾಲು ಬಿಸಿಲಿನಿಂದಲ್ಲ, ಕಾನೂನಿನಿಂದ ಬರುತ್ತದೆ. ಕೈಗಾರಿಕೆಗಳು ಸರಬರಾಜು ವೆಚ್ಚಕ್ಕಿಂತ ಹೆಚ್ಚಿನ ದರ ತೆತ್ತು ಬೇರೆ ವರ್ಗಗಳ ದರವನ್ನು ತಗ್ಗಿಸಿಡುವ ಪದ್ಧತಿ ನಮ್ಮಲ್ಲಿದೆ. ಅಂಥ ಗ್ರಾಹಕರು ಬೇರೆ ಉತ್ಪಾದಕರ ಬಳಿಗೆ ಹೋದಾಗ ವಿತರಣಾ ಕಂಪನಿಗೆ ಆಗುವ ಕೊರತೆಯನ್ನು ತುಂಬಲು 2003ರ ವಿದ್ಯುಚ್ಛಕ್ತಿ ಕಾಯ್ದೆಯ 42ನೇ ಕಲಮು ಕ್ರಾಸ್ ಸಬ್ಸಿಡಿ ಸರ್ಚಾರ್ಜನ್ನು ವಿಧಿಸುತ್ತದೆ. ಸ್ವಂತ ಸ್ಥಾವರದ ವಿದ್ಯುತ್ತನ್ನು ಸ್ವಂತಕ್ಕೆ ಬಳಸುವವರನ್ನು ಅದೇ ಕಲಮು ಅದರಿಂದ ಹೊರಗಿಡುತ್ತದೆ. ವಿತರಣಾ ಕಂಪನಿಯ ಸ್ಥಿರ ವೆಚ್ಚಕ್ಕೆಂದು ಹಾಕುವ ಹೆಚ್ಚುವರಿ ಸರ್ಚಾರ್ಜ್ ಕೂಡ ಇಂಥ ಬಳಕೆದಾರರಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ನಮ್ಮ ಪಕ್ಕದ ಶೆಡ್ಡಿನಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವವರಿಗೆ ಷೇರು ಕೊಳ್ಳುವಷ್ಟು ಬಂಡವಾಳವಿಲ್ಲ. ನಾವು ಇಳಿಸಿದ ಹೊರೆಯಲ್ಲಿ ಒಂದಂಶ ಮುಂದಿನ ದರ ಪರಿಷ್ಕರಣೆಯಲ್ಲಿ ಅವರ ಬಿಲ್ಲಿಗೆ ಸೇರಬಹುದೆಂಬುದು ನನ್ನನ್ನು ಕಾಡುತ್ತದೆ. ವಿನಾಯಿತಿ ಪೂರ್ತಿಯಾಗಿರದೆ, ಸ್ವಲ್ಪ ಪಾಲನ್ನಾದರೂ ನಮ್ಮಂಥವರು ಕಟ್ಟುವಂತಿದ್ದರೆ ನ್ಯಾಯವೆಂದೇ ನನ್ನ ಅಭಿಪ್ರಾಯ.

ಸೇವೆಯ ನಿಜವಾದ ಕೊರತೆ ಕಂಡದ್ದು ಒಪ್ಪಂದಪತ್ರದಲ್ಲಿ. 2005ರ ವಿದ್ಯುಚ್ಛಕ್ತಿ ನಿಯಮಗಳ ಪ್ರಕಾರ ಬಳಕೆದಾರರು ಕನಿಷ್ಠ ಶೇ. 26ರಷ್ಟು ಮಾಲೀಕತ್ವ ಹೊಂದಿರಬೇಕು, ವರ್ಷದ ಉತ್ಪಾದನೆಯಲ್ಲಿ ಶೇ. 51ಕ್ಕೆ ಕಡಿಮೆಯಿಲ್ಲದಷ್ಟನ್ನು ತಾವೇ ಬಳಸಬೇಕು. ಇದು ತಪ್ಪಿದರೆ ಕ್ಯಾಪ್ಟಿವ್ ಸ್ಥಾನವೇ ಹೋಗಿ ಇಡೀ ವರ್ಷದ ಯೂನಿಟ್‌ಗಳಿಗೆ ಸರ್ಚಾರ್ಜ್ ಬೀಳುತ್ತದೆ. ಸಹಸದಸ್ಯರೊಬ್ಬರ ಕಾರ್ಖಾನೆ ನಿಂತು ಲೆಕ್ಕ ಏರುಪೇರಾದರೆ ಆ ಹಣವನ್ನು ಯಾರು ಕಟ್ಟಬೇಕೆಂಬ ಬಗ್ಗೆ ಕಂಪನಿ ಕೊಟ್ಟ ಕರಡಿನಲ್ಲಿ ಒಂದು ಮಾತೂ ಇರಲಿಲ್ಲ. ಆರು ವಾರ ಪತ್ರವ್ಯವಹಾರ ನಡೆಸಿದ ಮೇಲಷ್ಟೇ ಆ ಷರತ್ತು ಸೇರಿತು. ಷೇರು ಹಣ ಕೊಡುವ ಮೊದಲೇ ಇದನ್ನು ಬರೆಸಿಕೊಳ್ಳಿ, ಬಳಕೆಯ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕೇಳಿ ಪಡೆಯಿರಿ. ಹಗಲು ಪಾಳಿಯಲ್ಲೇ ಹೆಚ್ಚು ಕರಗಿಸುವ ಫೌಂಡ್ರಿಗಳಿಗೆ ಈ ಸೇವೆಯನ್ನು ನಾನು ಸೂಚಿಸುತ್ತೇನೆ. ರಾತ್ರಿಯ ಕೆಲಸವೇ ಮುಖ್ಯವಾದವರು ಬ್ಯಾಂಕಿಂಗ್ ಶುಲ್ಕವನ್ನು (ಹಗಲಿನ ವಿದ್ಯುತ್ತನ್ನು ಎಸ್ಕಾಂ ಜಾಲಕ್ಕೆ ಕೊಟ್ಟು ಆಮೇಲೆ ಹಿಂಪಡೆಯಲು ಕಟ್ಟುವುದು) ಕೂಡಿಸಿ ನೋಡಿದ ನಂತರವೇ ಸಹಿ ಹಾಕುವುದು ಒಳಿತು.