ಕೆಲಸ ದುಬೈಯಲ್ಲಿ, ಮನೆ ಎಲ್ಲಿ: ದುಬೈಯೋ ಶಾರ್ಜಾವೋ?

ಸಂಸಾರವನ್ನು ಕರೆಸಿಕೊಳ್ಳುವ ಮುನ್ನ ಮನೆಯನ್ನು ದುಬೈಯಲ್ಲೇ ಹಿಡಿಯಬೇಕೋ ಶಾರ್ಜಾದಲ್ಲೋ ಎಂದು ಕೇಳಿದ್ದೀರಿ. ಬಾಡಿಗೆಯಲ್ಲಿ ಶಾರ್ಜಾ ಸಾಮಾನ್ಯವಾಗಿ ಅಗ್ಗ. ದುಬೈಯಲ್ಲಾದರೆ ವಾರ್ಷಿಕ ಬಾಡಿಗೆಯ ಶೇ. 5ರಷ್ಟು ವಸತಿ ಶುಲ್ಕವೂ ನೀರು-ವಿದ್ಯುತ್ ಬಿಲ್ಲಿನಲ್ಲಿ ತಿಂಗಳು ತಿಂಗಳು ಸೇರಿಕೊಳ್ಳುತ್ತದೆ.

ಆದರೆ ಹೀಗೆ ಉಳಿದದ್ದರಲ್ಲಿ ಒಂದು ಪಾಲನ್ನು ರಸ್ತೆ ತಿನ್ನುತ್ತದೆ. 2009ರಲ್ಲಿ ಆರಂಭವಾದ ದುಬೈ ಮೆಟ್ರೊ ಶಾರ್ಜಾವನ್ನು ಮುಟ್ಟುವುದಿಲ್ಲವಾದ್ದರಿಂದ, ಬೆಳಿಗ್ಗೆ ಶಾರ್ಜಾದಿಂದ ದುಬೈಗೆ ಹೋಗುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ಮುಂದಿನ ಕಾರುಗಳ ಕೆಂಪು ದೀಪಗಳನ್ನೇ ನೋಡುತ್ತ, ಸಾಲಿಕ್ ಟೋಲ್ ಕಟ್ಟುತ್ತ ತೆವಳಬೇಕಾಗುತ್ತದೆ. ರಂಜಾನಿನಲ್ಲಿ ಕೆಲಸದ ಅವಧಿ ದಿನಕ್ಕೆ 2 ಗಂಟೆ ಕಡಿಮೆಯಾದರೂ, ಇಫ್ತಾರಿಗೆ ಮನೆ ಸೇರಲು ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಆ ಲಾಭ ದಾರಿಯಲ್ಲೇ ಕರಗಿಹೋಗುವುದುಂಟು.

ಶಾರ್ಜಾದಲ್ಲಿ ಮದ್ಯ ನಿಷಿದ್ಧ, ಉಡುಪಿನ ನಿಯಮವೂ ಬಿಗಿ. ಮಕ್ಕಳೊಂದಿಗಿರುವವರಿಗೆ ಇದು ತೊಡಕೆನಿಸದು, ಒಂಟಿಯಾಗಿರುವ ಕೆಲವರಿಗೆ ಉಸಿರು ಕಟ್ಟಿದಂತಾಗಬಹುದು.

ಕಚೇರಿ ದುಬೈಯ ಶಾರ್ಜಾ ಬದಿಯ ದೇರಾ ಅಥವಾ ಅಲ್ ಖುಸೈಸ್ ಕಡೆಗಿದ್ದು ಊರಿಗೆ ಹಣ ಕಳಿಸುವುದೇ ಮುಖ್ಯವಾಗಿದ್ದರೆ ಶಾರ್ಜಾ ಸರಿ. ದುಬೈಯ ಇನ್ನೊಂದು ತುದಿಯ ಜಬಲ್ ಅಲಿಯಲ್ಲಿದ್ದರೆ ಸಣ್ಣ ಮನೆಯಾದರೂ ದುಬೈಯಲ್ಲೇ ಇರಲಿ. ಅಂದಹಾಗೆ, ಅಲ್ ನಹ್ದಾ ಎಂಬ ಬಡಾವಣೆ ಗಡಿಯ ಎರಡೂ ಬದಿಯಲ್ಲಿದೆ. ಮೊದಲು ಅಲ್ಲಿಯೇ ವಿಚಾರಿಸಿ.