ಡಲ್ಲಾಸ್ ಕಡೆ ಎಆರ್-15 ರೈಫಲ್ ಬಾಡಿಗೆಗೆ ಕೊಡುವ ಶೂಟಿಂಗ್ ರೇಂಜ್: ಜಾಗ ಚೆನ್ನಾಗಿದೆ, ಬಂದೂಕು ಅತಿಯಾಗಿ ಚೆನ್ನಾಗಿದೆ

ಮೊದಲೇ ಹೇಳಿಬಿಡುತ್ತೇನೆ. ಎಚ್-1ಬಿ ವೀಸಾದಲ್ಲಿರುವವರು ಸುಮ್ನೆ ಅಲ್ಲಿಯವರೆಗೆ ಕಾರು ಓಡಿಸಿಕೊಂಡು ಹೋಗಬೇಡಿ. ವೀಸಾ ಮೇಲೆ ಬಂದವರು ಬಂದೂಕು ಹಿಡಿಯುವಂತಿಲ್ಲ ಅಂತ ಇಲ್ಲಿನ ಫೆಡರಲ್ ಕಾನೂನು ಹೇಳುತ್ತದೆ. ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಟೆಕ್ಸಾಸ್‌ನಲ್ಲಿ ಅದನ್ನು ಆನ್‌ಲೈನ್‌ನಲ್ಲೇ ಕೊಳ್ಳಬಹುದು. ನಮ್ಮ ಜೊತೆ ಬಂದಿದ್ದ ಹಾಸನದ ಹುಡುಗನಿಗೆ ಇದು ಗೊತ್ತಿರಲಿಲ್ಲ. ಪಾಪ, ಗಾಜಿನ ಆಚೆ ಕೂತು ನಮ್ಮ ಫೋಟೊ ತೆಗೆದುಕೊಂಡಿದ್ದ. ನನ್ನ ಹತ್ತಿರ ಗ್ರೀನ್ ಕಾರ್ಡ್ ಇತ್ತು, ತೊಂದರೆಯಾಗಲಿಲ್ಲ.

ರೇಂಜ್ ಹೆಸರು ಹಾಕುತ್ತಿಲ್ಲ. ಇಂಥವು ಡಲ್ಲಾಸ್ ಸುತ್ತ ಬೇಕಾದಷ್ಟಿವೆ. ಮುಂದೆ ಅಂಗಡಿ, ಹಿಂದೆ ಹೊಡೆಯುವ ಜಾಗ. ನೆಲ ಕ್ಲೀನ್, ಗಾಳಿಯಾಡುವ ವ್ಯವಸ್ಥೆ ಚೆನ್ನಾಗಿದೆ, ಸಿಬ್ಬಂದಿ ನಗುನಗುತ್ತಾ ಮಾತಾಡುತ್ತಾರೆ. ಐಡಿ ತೋರಿಸಿ, ಸಹಿ ಹಾಕಿ, ಸುರಕ್ಷತೆಯ ವಿಡಿಯೊ ನೋಡಿದ ಮೇಲೆ ಲೇನ್ ಕೊಡುತ್ತಾರೆ. ಬಾಡಿಗೆ ದುಬಾರಿ ಅಲ್ಲ, ಆದರೆ ಗುಂಡನ್ನು ಅವರ ಹತ್ತಿರವೇ ಕೊಳ್ಳಬೇಕು, ದುಡ್ಡು ಹೋಗುವುದು ಅಲ್ಲೇ. ಒಂಟಿಯಾಗಿ ಮೊದಲ ಸಲ ಬಂದವರಿಗೆ ಬಾಡಿಗೆ ಬಂದೂಕು ಕೊಡುವುದಿಲ್ಲ ಅಂತ ಒಂದು ಬೋರ್ಡ್ ಇತ್ತು. ಯಾಕೆ ಅಂತ ಕೇಳಿದೆ. ಬಾಡಿಗೆ ಬಂದೂಕಿನಲ್ಲೇ ಪ್ರಾಣ ಕಳೆದುಕೊಳ್ಳಲು ಬರುವವರಿರುತ್ತಾರೆ ಅಂದರು. ಅಮೆರಿಕದಲ್ಲಿ ಬಂದೂಕಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಯೇ. ಎಆರ್-15ನಂಥ ರೈಫಲ್ ನಿಷೇಧಿಸಬೇಕೋ ಬೇಡವೋ ಅನ್ನುವ ಜಗಳದಲ್ಲಿ ಈ ಮಾತು ಬರುವುದೇ ಕಡಿಮೆ.

ಈಗ ಬಂದೂಕಿನ ವಿಷಯ. ನಾನು ಮಲೆನಾಡಿನವನು. ಮನೆಯಲ್ಲಿ ಜೋಡುನಳಿಗೆ ಕೋವಿ ಇದೆ, ತೋಟಕ್ಕೆ ಬರುವ ಮಂಗಗಳನ್ನು ಹೆದರಿಸಲು. ಎರಡು ಈಡು ಆಯಿತೆಂದರೆ ನಳಿಗೆ ಬಗ್ಗಿಸಿ ಬೇರೆ ತೋಟಾ ತುಂಬಬೇಕು, ಅಷ್ಟರಲ್ಲಿ ಭುಜ ನೋಯುತ್ತಿರುತ್ತದೆ. ಚುನಾವಣೆ ಬಂದರೆ ಅಪ್ಪ ಗೊಣಗುತ್ತಲೇ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುತ್ತಾರೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ, 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಬಂದೂಕು ಇಟ್ಟುಕೊಂಡವರೆಲ್ಲ ಕೆಟ್ಟವರು ಅನ್ನುವ ವಾದ ನನ್ನ ಹತ್ತಿರ ನಡೆಯುವುದಿಲ್ಲ.

ಆದರೆ ಎಆರ್-15 ಬೇರೆಯೇ ಸರಕು. ಹಗುರ. ಒದೆ ಅಂತ ಇಲ್ಲವೇ ಇಲ್ಲ ಅನ್ನಬಹುದು, ಭುಜಕ್ಕೆ ಯಾರೋ ಮೆಲ್ಲಗೆ ತಟ್ಟಿದ ಹಾಗೆ. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು, ಮಿಲಿಟರಿಯವರ ಹಾಗೆ ಒತ್ತಿ ಹಿಡಿದು ಸುರಿಸಲು ಆಗುವುದಿಲ್ಲ, ಆದರೆ ಬೆರಳು ಎಷ್ಟು ಬೇಗ ಆಡುತ್ತದೋ ಅಷ್ಟು ಬೇಗ ಹೋಗುತ್ತಾ ಇರುತ್ತದೆ, ಮ್ಯಾಗಜೀನ್‌ನಲ್ಲಿ 30 ಗುಂಡು. ಸದ್ದು ಮಾತ್ರ ಭಯಂಕರ. ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಎರಡೂ ಹಾಕಿಕೊಳ್ಳಿ. ಪಕ್ಕದ ಲೇನ್‌ನಿಂದ ಸಿಡಿದ ಖಾಲಿ ತೋಟಾದ ಬಿಸಿ ಹಿತ್ತಾಳೆ ಕೊಳವೆ ನನ್ನ ಕಾಲರ್ ಒಳಗೆ ಬಿದ್ದು ಕುಣಿಸಿಬಿಟ್ಟಿತು. ಬಂದೂಕನ್ನೇ ಹಿಡಿಯದ ನನ್ನ ಹೆಂಡತಿ ಮೊದಲ ಮ್ಯಾಗಜೀನ್‌ನಲ್ಲೇ ಕಾಗದದ ಮನುಷ್ಯನ ಎದೆಗೆ ಅಂಗೈ ಅಗಲದಲ್ಲಿ ಗುಂಡು ಕೂರಿಸಿದಳು. ವಸ್ತುವಾಗಿ ನೋಡಿದರೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ನನಗೆ ಹೊಟ್ಟೆ ತೊಳಸಿದ್ದೂ ಆಗಲೇ. ಯಾಕೆಂದರೆ ಯುವಾಲ್ಡೆ ಇದೇ ಟೆಕ್ಸಾಸ್‌ನಲ್ಲಿದೆ. 2022ರ ಮೇ 24ರಂದು ಅಲ್ಲಿನ ಶಾಲೆಯಲ್ಲಿ 19 ಮಕ್ಕಳು, 2 ಟೀಚರ್‌ಗಳನ್ನು ಕೊಂದ ಹುಡುಗ, 18 ತುಂಬಿದ ಕೆಲವೇ ದಿನಗಳಲ್ಲಿ ಇಂಥದ್ದೇ ರೈಫಲ್ ಅನ್ನು ಕಾನೂನು ಪ್ರಕಾರವೇ ಕೊಂಡಿದ್ದ. ಆಗ ಇಲ್ಲಿ ಡೀಲರ್ ಹತ್ತಿರ ಕೈಬಂದೂಕು ಕೊಳ್ಳಲು 21 ಆಗಿರಬೇಕಿತ್ತು, ರೈಫಲ್‌ಗೆ 18 ಸಾಕಿತ್ತು!

ಕೌಂಟರ್‌ನಲ್ಲಿದ್ದ ಹಿರಿಯರು ಮಾತುಗಾರರು. 1994ರಿಂದ 2004ರವರೆಗೆ ಇಂಥ ರೈಫಲ್‌ಗಳಿಗೆ ದೇಶಾದ್ಯಂತ ನಿಷೇಧ ಇತ್ತಲ್ಲ, ಅದರ ಕಥೆ ಏನು ಅಂತ ಕೇಳಿದ್ದಕ್ಕೆ ಗಾಜಿನ ಮೇಲೆ ಒಂದು ರೈಫಲ್ ಮಲಗಿಸಿ ತೋರಿಸಿದರು. ನಳಿಗೆ ತುದಿಯಲ್ಲಿ ಬೆಂಕಿ ಮರೆಮಾಡುವ ತುಂಡು, ಕೆಳಗೆ ಬಯೊನೆಟ್ ಚೂರಿ ಸಿಕ್ಕಿಸುವ ಗುಬುಟು. ಆ ಕಾನೂನು ಇಂಥ ಭಾಗಗಳನ್ನು ಎಣಿಸಿ ತಡೆಯುತ್ತಿತ್ತು. ಇವೆರಡನ್ನು ಬಿಟ್ಟು, ಪಿಸ್ತೂಲಿನಂಥ ಹಿಡಿಕೆ ಉಳಿಸಿಕೊಂಡು ಮಾಡಿದರೆ ಅದೇ ರೈಫಲ್ ಆಗ ಕಾನೂನುಬದ್ಧ. ಕಂಪನಿಗಳು ಹಾಗೇ ಮಾಡಿ ಮಾರಿದವು. ಮೊದಲೇ ಜನರ ಹತ್ತಿರ ಇದ್ದವನ್ನು ಯಾರೂ ವಾಪಸ್ ಪಡೆಯಲಿಲ್ಲ. ಕೊಲೆಗಳಲ್ಲಿ ಬಳಕೆಯಾಗುವುದು ಬಹುಪಾಲು ಪಿಸ್ತೂಲು, ರೈಫಲ್ ಅಲ್ಲ ಅಂದರು. ಅದೂ ನಿಜ. ಅವರ ಮಾತಿನಲ್ಲಿ ಸುಳ್ಳು ಇರಲಿಲ್ಲ, ಆದರೆ ಅದೇ 1994ರ ಕಾನೂನು 10ಕ್ಕಿಂತ ಜಾಸ್ತಿ ಗುಂಡಿನ ಹೊಸ ಮ್ಯಾಗಜೀನ್‌ಗೂ ತಡೆ ಹಾಕಿತ್ತು ಅನ್ನುವುದನ್ನು ಅವರು ಹೇಳಲಿಲ್ಲ. ನನ್ನ ಪ್ರಕಾರ ತೂಕ ಇರುವುದು ಅದಕ್ಕೇ. ಹಿಡಿಕೆಯ ಆಕಾರ ಯಾರಿಗೆ ಬೇಕು? ಗುಂಡು ತುಂಬಲು ನಿಲ್ಲಬೇಕಾದಾಗ ಎದುರಿಗಿರುವವರಿಗೆ ಓಡಲು ಒಂದು ಕ್ಷಣ ಸಿಗುತ್ತದೆ.

ಇನ್ನು ರೇಂಜ್‌ನ ರೂಲ್ಸ್. ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಕೆಲವು ಸೆಕೆಂಡ್ ಬಿಡಬೇಕು, ಪಟಪಟ ಹೊಡೆದರೆ ಹೊರಗೆ. ಮಧ್ಯದಲ್ಲಿ ಒಬ್ಬ ಒಂದೇ ಸಮ ಎಳೆದ, ಕೆಂಪು ಅಂಗಿಯ ಮೇಲ್ವಿಚಾರಕ ಬಂದು ಭುಜ ಮುಟ್ಟಿ ನಿಲ್ಲಿಸಿದರು. ಬಂಪ್ ಸ್ಟಾಕ್, ಅಂದರೆ ಒದೆಯನ್ನೇ ಬಳಸಿ ಒಂದೇ ಸಮ ಗುಂಡು ಸುರಿಸುವ ಹಿಂಬದಿ ತುಂಡು, ತರಬೇಡಿ ಅಂತಲೂ ಗೋಡೆ ಮೇಲೆ ಬರೆದಿದೆ. 2017ರ ಲಾಸ್ ವೇಗಸ್ ಹತ್ಯಾಕಾಂಡದಲ್ಲಿ ಬಳಕೆಯಾಗಿದ್ದು ಅದೇ. ಆಮೇಲೆ ಸರ್ಕಾರ ನಿಷೇಧಿಸಿತು, 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನೇ ತೆಗೆದುಹಾಕಿತು. ಬಂದೂಕು ಮಾರಿಯೇ ಬದುಕುವ ಅಂಗಡಿಯವರಿಗೆ ತಮ್ಮ ಸೂರಿನಡಿ ಇದೆಲ್ಲ ಬೇಡ, ಅಲ್ವಾ? ಹಕ್ಕಿಗೆ ಕುತ್ತು ಬಂತು ಅಂತ ಅಲ್ಲಿ ಯಾರೂ ಕೂಗಾಡಿದ್ದು ನನಗೆ ಕಾಣಲಿಲ್ಲ. ಅದೇ ರೂಲ್ಸ್ ಬಾಗಿಲಾಚೆ ತರೋಣ ಅಂದರೆ ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಡುವ ಸಂವಿಧಾನದ 2ನೇ ತಿದ್ದುಪಡಿ ಎದ್ದು ನಿಲ್ಲುತ್ತದೆ. 2022ರ ಜುಲೈನಲ್ಲಿ ಅಮೆರಿಕ ಸಂಸತ್ತಿನ ಕೆಳಮನೆ ಇಂಥ ರೈಫಲ್‌ಗಳ ಹೊಸ ನಿಷೇಧವನ್ನು 217-213ರಲ್ಲಿ ಪಾಸು ಮಾಡಿತ್ತು, ಸೆನೆಟ್‌ನಲ್ಲಿ ಅದು ಮುಂದೆ ಹೋಗಲೇ ಇಲ್ಲ. ಇಲಿನಾಯ್, ವಾಷಿಂಗ್ಟನ್ ರಾಜ್ಯಗಳು 2023ರಲ್ಲಿ ತಮ್ಮ ಮಟ್ಟಕ್ಕೆ ಮಾಡಿಕೊಂಡವು. ಟೆಕ್ಸಾಸ್‌ನಲ್ಲಿ ಸದ್ಯಕ್ಕೆ ಆಗುವ ಮಾತಲ್ಲ.

ರೇಂಜ್‌ಗೆ ಐದಕ್ಕೆ ನಾಲ್ಕು. ಗುಂಡಿನ ರೇಟಿಗೆ ಒಂದು ಕಳೆದಿದ್ದೇನೆ. ಕಾಲರ್ ಮುಚ್ಚುವ ಅಂಗಿ ಹಾಕಿಕೊಂಡು ಹೋಗಿ, ಮುಗಿದ ಮೇಲೆ ತಣ್ಣೀರಿನಲ್ಲಿ ಸೋಪು ಹಾಕಿ ಕೈ ತೊಳೆಯಿರಿ, ಸೀಸದ ಪುಡಿ ಅಂಟಿರುತ್ತದೆ. ಹೊರಡುವಾಗ ಮೊದಲ ರೈಫಲ್ ಖರೀದಿಗೆ ಡಿಸ್ಕೌಂಟ್ ಕೂಪನ್ ಕೊಟ್ಟರು. ಅದನ್ನು ಬಳಸುವ ಯೋಚನೆ ನನಗಿಲ್ಲ, ಹೆಂಡತಿ ಮಾತ್ರ ಇನ್ನೂ ಪರ್ಸ್‌ನಲ್ಲಿ ಇಟ್ಟುಕೊಂಡಿದ್ದಾಳೆ, ಆ ಚರ್ಚೆ ಮನೆಯಲ್ಲಿ ನಡೀತಾ ಇದೆ.