ಲ್ಯಾಪ್‌ಟಾಪ್‌ಗೆ ಅಗ್ಗದ ಅಡಾಪ್ಟರ್ ಕೊಳ್ಳುವ ಮುಂಚೆ ಇದನ್ನು ಓದಿ

ನನ್ನ ತಂಗಿ ಶಿವಮೊಗ್ಗದಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಅವಳ ಲ್ಯಾಪ್‌ಟಾಪ್ ಚಾರ್ಜರಿನ ವೈರು ಪಿನ್ನಿನ ಬುಡದಲ್ಲಿ ಬಿರುಕು ಬಿಟ್ಟು ಒಳಗಿನ ತಾಮ್ರ ಕಾಣತೊಡಗಿತ್ತು. ಪೇಟೆಯ ಅಂಗಡಿಯೊಂದರಲ್ಲಿ 750 ರೂಪಾಯಿಗೆ ಬೇರೆ ಅಡಾಪ್ಟರ್ ಕೊಟ್ಟರು. "ಒರಿಜಿನಲ್ಲೇ ಮೇಡಂ, ಬಾಕ್ಸ್ ಇಲ್ಲ ಅಷ್ಟೇ. ವೋಲ್ಟ್ ಮ್ಯಾಚ್ ಆದ್ರೆ ಸಾಕು" ಅಂದರಂತೆ. ಬಿಲ್ ಕೇಳಿದ್ದಕ್ಕೆ ಒಂದು ಚೀಟಿಯಲ್ಲಿ ಮೊತ್ತ ಮಾತ್ರ ಗೀಚಿ ಕೊಟ್ಟರು.

ಮನೆಗೆ ಬಂದು ಹಾಕಿದ ಕೂಡಲೇ, ಇದು ಯಾವ ಅಡಾಪ್ಟರ್ ಎಂದು ಗುರುತಿಸಲು ಆಗುತ್ತಿಲ್ಲ ಎಂಬ ಸಂದೇಶ ಪರದೆಯ ಮೇಲೆ ಬಂತು. ಅಂಗಡಿಗೆ ಫೋನ್ ಮಾಡಿದರೆ "ಎಲ್ಲಾದಕ್ಕೂ ಹಾಗೇ ಬರುತ್ತೆ, ಎಂಟರ್ ಒತ್ತಿ" ಎಂಬ ಉತ್ತರ. ಎಲ್ಲಾದಕ್ಕೂ ಬರುವುದಿಲ್ಲ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಪಿನ್ನಿನ ನಡುವಿನ ಸಣ್ಣ ಕಡ್ಡಿಯ ಮೂಲಕ ಅಡಾಪ್ಟರು ತಾನು ಎಷ್ಟು ವ್ಯಾಟಿನದು ಎಂದು ತಿಳಿಸುತ್ತದೆ. ಆ ಮಾಹಿತಿ ಸಿಗದಿದ್ದರೆ ಲ್ಯಾಪ್‌ಟಾಪು ನಿಧಾನವಾಗುತ್ತದೆ, ಬ್ಯಾಟರಿ ಚಾರ್ಜ್ ಮಾಡುವುದನ್ನೇ ನಿಲ್ಲಿಸಬಹುದು.

ಕೆಲವು ದಿನ ಬಿಟ್ಟು ಅವಳು "ಅಕ್ಕಾ, ಕೈ ಇಟ್ರೆ ಜುಮ್ ಅಂತಿದೆ" ಅಂದಳು. ಒಳ್ಳೆಯ ಅಡಾಪ್ಟರಿನಲ್ಲೂ, ಅರ್ಥಿಂಗ್ ಇಲ್ಲದ ಕಡೆ, ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಸ್ವಲ್ಪ ಜುಮ್ಮೆನ್ನುವುದುಂಟು. ಆದ್ದರಿಂದ ಪ್ಲಗ್ ಪಾಯಿಂಟಿನ ಅರ್ಥಿಂಗ್ ನೋಡಿಸಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ಅರ್ಥಿಂಗ್ ಸರಿಯಾಗಿಯೇ ಇತ್ತು. ಅಡಾಪ್ಟರಿನ ಮೂರು ಪಿನ್ನಿನ ಕೇಬಲ್ಲಿನಲ್ಲಿ ಮಾತ್ರ ಅರ್ಥ್ ಪಿನ್ನಿಗೆ ಒಳಗೆ ತಂತಿಯೇ ಇರಲಿಲ್ಲ. ಪಿನ್ನು ಬರೀ ತೋರಿಕೆಗೆ!

ಹೊಸ ಕೇಬಲ್ ತರುವುದರೊಳಗೆ ಆಗಬಾರದ್ದು ಆಗಿಹೋಯಿತು. ಸಂಜೆ ಕರೆಂಟು ಹೋಗಿ ವಾಪಸ್ ಬಂದಾಗ ಅಡಾಪ್ಟರಿನೊಳಗೆ ಪಟ್ ಎಂದು ಸದ್ದಾಯಿತು, ಹೊಗೆ ಬಂತು. ಎಂಸಿಬಿ (ಕರೆಂಟು ಮಿತಿಮೀರಿ ಹರಿದರೆ ತಾನೇ ಆರುವ ಸ್ವಿಚ್) ಬೀಳಲಿಲ್ಲ. ಅವಳು ಪಕ್ಕದಲ್ಲೇ ಇದ್ದು ಗೋಡೆಯ ಸ್ವಿಚ್ ಆರಿಸಿದ್ದಕ್ಕೆ ಮೇಜಿನ ಮೇಲೊಂದು ಕಪ್ಪು ಕಲೆಗೆ ಮುಗಿಯಿತು. ಹಾಸಿಗೆಯ ಮೇಲಿದ್ದಿದ್ದರೆ ಏನಾಗುತ್ತಿತ್ತು ಎಂದು ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ. ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಯಿತು.

ರಿಪೇರಿಯವರು ಆ ಅಡಾಪ್ಟರನ್ನು ಬಿಚ್ಚಿ ತೋರಿಸಿದರು. ಬೋರ್ಡಿನ ಮೇಲೆ ಫ್ಯೂಸ್ ಇರಬೇಕಾದ ಜಾಗದಲ್ಲಿ 'ಎಫ್1' ಎಂದು ಅಚ್ಚಾಗಿತ್ತು. ಅಲ್ಲಿ ಫ್ಯೂಸ್ ಇರಲಿಲ್ಲ, ತಂತಿಯ ಒಂದು ತುಂಡು ಬೆಸುಗೆ ಹಾಕಿದ್ದರು. ಫಿಲ್ಟರ್ ಕಾಯಿಲ್ (ವಿದ್ಯುತ್ತಿನ ಅಡಚಣೆ ಸೋಸುವ ತಂತಿಯ ಸುರುಳಿ) ಕೂರಬೇಕಾದಲ್ಲಿ ಎರಡು ಖಾಲಿ ತೂತು. ಅಡಾಪ್ಟರಿನ ಒಂದು ಬದಿಯಲ್ಲಿ ಮನೆಯ 230 ವೋಲ್ಟ್ ಡಿಸಿಯಾಗಿ, ಚಾರ್ಜ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ. ಇನ್ನೊಂದು ಬದಿಯದು ಲ್ಯಾಪ್‌ಟಾಪಿಗೆ ಹೋಗುವ 19.5 ವೋಲ್ಟ್. ಎರಡರ ನಡುವೆ ಕೆಲವೇ ಮಿಲಿಮೀಟರ್ ಅಂತರ, ಟ್ರಾನ್ಸ್‌ಫಾರ್ಮರಿನೊಳಗೆ ಟೇಪಿನ ಪದರಗಳು, ಎರಡೂ ಬದಿಗೆ ಕೊಂಡಿಯಾಗಿ 'ವೈ' ದರ್ಜೆಯ (ಕೆಟ್ಟರೂ ಶಾರ್ಟ್ ಆಗದಂತೆ ಮಾಡಿದ) ಒಂದು ಕೆಪಾಸಿಟರ್. ಒಳ್ಳೆಯ ಅಡಾಪ್ಟರಿಗೆ ನಾವು ಜಾಸ್ತಿ ಕೊಡುವ ದುಡ್ಡು ಇವುಗಳಿಗೇ. ಆ ಕೆಪಾಸಿಟರಿನ ಜಾಗದಲ್ಲಿ ಸಾಧಾರಣದ್ದನ್ನು ಹಾಕಿ ಅದು ಶಾರ್ಟ್ ಆದರೆ, ಗೋಡೆಯ ಕರೆಂಟು ನೇರ ಕೀಬೋರ್ಡಿನ ಮೇಲಿರುವ ಕೈಗೇ ಬರಬಹುದು. ದಯವಿಟ್ಟು ನೀವೇ ಬಿಚ್ಚಿ ನೋಡಲು ಹೋಗಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಚಾರ್ಜ್ ಉಳಿದಿರುತ್ತದೆ.

ಕೊಳ್ಳುವಾಗ ಹಳೆಯದನ್ನು ಜೊತೆಗೆ ತೆಗೆದುಕೊಂಡು ಹೋಗಿ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟಾದರೂ ಇರಬೇಕು. 19.5 ವೋಲ್ಟ್, 3.34 ಆಂಪಿಯರ್ ಎಂದರೆ 65 ವ್ಯಾಟ್. ಅಲ್ಲಿ 45 ವ್ಯಾಟಿನದು ಕೊಟ್ಟರೆ ಬೇಡ ಅನ್ನಿ. 90 ವ್ಯಾಟಿನದಾದರೆ ತೊಂದರೆ ಇಲ್ಲ, ಲ್ಯಾಪ್‌ಟಾಪು ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಲೇಬಲ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು ಅಲ್ವಾ? ಅದಕ್ಕೇ ಅಂಗಡಿಯಲ್ಲೇ ನಿಂತು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ನೋಡಿ. ನಮ್ಮ ಅಡಾಪ್ಟರಿನ ಮೇಲಿದ್ದ ಸಂಖ್ಯೆ ಬೇರೆ ಯಾವುದೋ ವಸ್ತುವಿನದು.

ಇನ್ನೊಂದು ಮಾತು, ಬ್ಯಾಟರಿಯ ಬಗ್ಗೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳದ ಮುಚ್ಚಳ ಸರಿಯಾಗಿ ಕೂರದೆ ಸಂದು ಬಿಟ್ಟಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿರಬಹುದು. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ಚುಚ್ಚಲಂತೂ ಬೇಡ. ಸರ್ವಿಸ್ ಸೆಂಟರಿಗೆ ಒಯ್ದು ಬದಲಿಸಿಕೊಳ್ಳಿ.

ಅಂಗಡಿಯವರು "ಇದು ನಮ್ಮಲ್ಲಿ ತಗೊಂಡಿದ್ದಲ್ಲ" ಅನ್ನುತ್ತಿದ್ದಾರೆ. ಚೀಟಿಯಲ್ಲಿ ಅಂಗಡಿಯ ಹೆಸರೂ ಇಲ್ಲ, ವಸ್ತುವಿನ ಹೆಸರೂ ಇಲ್ಲ. ಫೋನ್‌ಪೇಯಲ್ಲಿ ದುಡ್ಡು ಕಳಿಸಿದ ದಾಖಲೆ ಇರುವುದರಿಂದ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ನೀವು ಕೊಳ್ಳುವಾಗ ಬಿಲ್ಲಿನಲ್ಲಿ ಅಡಾಪ್ಟರಿನ ಮಾಡೆಲ್ ಮತ್ತು ಆ ನೋಂದಣಿ ಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಅಡಾಪ್ಟರನ್ನು ಅಲ್ಲೇ ಇಟ್ಟು ಬನ್ನಿ.